ನಿಂತೇ ಬನ್ನಿ ತೆಗೆದುಕೊಳ್ಳುತ್ತಿದ್ದವರು

ಅವರು ಕೆಲಸ ಮಾಡುತ್ತಿದ್ದದ್ದು ಕಾರಿನ ಸೀಟು ತಯಾರಿಸುವ ಕಂಪನಿಯಲ್ಲಿ ಎಂದು ನನ್ನ ನೆನಪು. ಒಂದು ಯಂತ್ರ ಸೀಟಿನ ಮೇಲೆ ಕೂತು ಏಳುತ್ತಲೇ ಇರುತ್ತದೆ, ಸೀಟು ಎಷ್ಟು ಕಾಲ ತಾಳುತ್ತದೆ ಎಂದು ಇವರು ಪಕ್ಕದಲ್ಲಿ ನಿಂತು ನೋಡಬೇಕು. ಅವರೇ ನಗುತ್ತ ಹೀಗೆ ಹೇಳಿದ್ದರು ಎಂದೂ ನೆನಪು. ನನ್ನ ಗಂಡ ಇದನ್ನು ಒಪ್ಪುವುದಿಲ್ಲ.

“ಸೀಟಲ್ಲ, ಬ್ರೇಕು. ಗಾದಿಗೆ ಕಾಯ್ಕೋತ ಇದ್ದ ಮನಷ್ಯಾಗ ಸೀಟು ಪರೀಕ್ಷೆ ಮಾಡೋ ನೌಕರಿ ಅಂದ್ರ ಕಥಿ ಛಲೋ ಆಗತೈತಿ ಅಂತ ನೀನ ಕೂಡ್ಸೀದಿ,” ಎನ್ನುತ್ತಾನೆ.

ಇರಬಹುದು. ಆ ವರ್ಷಗಳ ನನ್ನ ಡೈರಿಗಳು ಇವೆ. ಅವುಗಳಲ್ಲಿ ಹವಾಮಾನವಿದೆ, ಜರ್ಮನ್ ತರಗತಿಯಿದೆ, ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತದೆ ಎಂಬುದಿದೆ. ಅವರ ಬಗ್ಗೆ ನಾಲ್ಕು ಸಾಲೂ ಇಲ್ಲ. ಮುಂದೆ ಮುಖ್ಯವಾಗುವವರ ಬಗ್ಗೆ ಆಗ ಬರೆದಿಡುವ ಬುದ್ಧಿ ನನಗಿರಲಿಲ್ಲ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ಬರೀ ನೆನಪಿನ ಮೇಲೆ ನಿಂತಿದೆ, ಮತ್ತು ನನ್ನ ನೆನಪಿಗೆ ಚಂದ ಮಾಡಿ ಹೇಳುವ ಚಟವಿದೆ. ಅವರ ಹೆಸರನ್ನಂತೂ ಬರೆಯುವುದಿಲ್ಲ. ಅವರ ಊರಿನಲ್ಲಿ ಅವರ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲವಂತೆ. ನಾನೇಕೆ ಮೊದಲಾಗಲಿ?

ಹೋದ ತಿಂಗಳು ಧಾರವಾಡದಿಂದ ಅತ್ತೆ ಫೋನ್ ಮಾಡಿದರು. “ಸಣ್ಣದೊರಿ ಹೋದ್ರವಾ,” ಎಂದರು. ಎಂಬತ್ತು ದಾಟಿದ್ದ, ಇಪ್ಪತ್ತು ವರ್ಷದ ಹತ್ತಿರ ಗಾದಿಯ ಮೇಲೆ ಕೂತಿದ್ದ ಮನುಷ್ಯ ಅತ್ತೆಯ ಬಾಯಲ್ಲಿ ಕೊನೆಯವರೆಗೂ ಸಣ್ಣದೊರೆಯಾಗಿಯೇ ಉಳಿದರು.

ನಾವು ಸ್ಟುಟ್‌ಗಾರ್ಟಿಗೆ ಬಂದದ್ದು ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಕೊಟ್ಟ ಗ್ರೀನ್ ಕಾರ್ಡಿನ ಮೊದಲ ಅಲೆಯಲ್ಲಿ. ಗಂಡನ ಪಾಸ್‌ಪೋರ್ಟಿನಲ್ಲಿ ಐದು ವರ್ಷದ ಅನುಮತಿ, ಪಕ್ಕದಲ್ಲಿ ‘ಬೆಫ್ರಿಸ್ಟೆಟ್’ ಎಂಬ ಮುದ್ರೆ. ಅವಧಿ ಮುಗಿದರೆ ಹೊರಡಬೇಕು ಎಂದು ಅರ್ಥ. ಐದು ವರ್ಷ ಎಂದರೆ ಮನೆಗೆ ಸಾಮಾನು ಕೊಳ್ಳಲು ಉದ್ದವಲ್ಲ, ಕೊಳ್ಳದೆ ಇರಲು ಚಿಕ್ಕದೂ ಅಲ್ಲ. ನಮ್ಮಂತೆ ಬಂದವರ ಮನೆಗಳಲ್ಲೆಲ್ಲ ನೆಲದ ಮೇಲೆ ಹಾಸಿಗೆ, ಕಾಗದದ ಲಾಂದ್ರದ ದೀಪ, ಬಂದವರಿಗೆ ಕೂರಲು ಮಡಿಸುವ ಕುರ್ಚಿ.

ಈ ಸಣ್ಣದೊರೆಯ ಮನೆಯೂ ಹಾಗೇ ಇತ್ತು, ಮತ್ತು ಅವರು ಅಲ್ಲಿಗೆ ಬಂದು ಮೂವತ್ತು ವರ್ಷವಾಗುತ್ತ ಬಂದಿತ್ತು. ಷ್ಟಾಟ್‌ಬಾನ್ ರೈಲು ಇಳಿದು, ಗುಡ್ಡ ಹತ್ತುವ ಕಲ್ಲಿನ ಮೆಟ್ಟಿಲುಗಳ ತುದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕಿಟಕಿಗೆ ಪರದೆಯಿಲ್ಲ. ಬಟ್ಟೆ ಇಡಲು ಶ್ರಾಂಕ್, ಅಂದರೆ ಕಪಾಟು, ಇಲ್ಲ. ಎರಡು ಸೂಟ್‌ಕೇಸಿನಲ್ಲಿ ಮಡಿಸಿಟ್ಟ ಅಂಗಿಗಳು.

“ಕಾಕಾ, ಒಂದು ಶ್ರಾಂಕ್ ತಗೊಳ್ರಿ, ಸೇಲ್ ಹಚ್ಚ್ಯಾರ,” ಎಂದು ನನ್ನ ಗಂಡ ಒಮ್ಮೆ ಹೇಳಿದ. ಅವರಿಬ್ಬರೂ ಒಂದೇ ಕಡೆಯವರು. ಮೊದಲ ಭೇಟಿಯಲ್ಲೇ ಇವನು ಅವರನ್ನು ಕಾಕಾ ಎಂದ, ನಾನೂ ಹಾಗೇ ಕರೆದೆ.

“ತಗೊಳ್ಳೂಣು ತಮ್ಮಾ, ಏನ್ ಅವಸರ? ಹೋಗೂ ಮುಂದ ಅದನ್ನ ಯಾರು ಹೊತಗೊಂಡು ಹೋಗೋರು?”

“ಎಲ್ಲಿಗೆ ಹೋಗೋರ್ರಿ ನೀವು? ನಿಮಗೇನು ಐದ ವರ್ಷದ್ದು ಹಾಕ್ಯಾರೇನು?”

ಅವರು ನಕ್ಕರು. ಅವರ ನಗು ಬಹಳ ಚಿಕ್ಕದು, ಮೀಸೆಯ ಒಂದು ತುದಿ ಮೇಲೆ ಹೋಗಿ ಇಳಿದರೆ ಮುಗಿಯಿತು. “ನಿಮ್ಮದು ಪಾಸ್‌ಪೋರ್ಟಿನಾಗ ಐತಿ. ನಂದು ಹೊಟ್ಟ್ಯಾಗ ಐತಿ,” ಎಂದರು. ಆಗ ನಮಗೆ ಅರ್ಥವಾಗಲಿಲ್ಲ.

ಯಾರನ್ನು ಕಂಡರೂ ಅವರ ಮೊದಲ ಪ್ರಶ್ನೆ ಒಂದೇ. “ನಿಮ್ಮ ಅಪ್ಪಾರು ಹ್ಯಾಂಗದಾರ?” ಕೆಲಸ, ವೀಸಾ, ಸಂಬಳ ಯಾವುದನ್ನೂ ಅವರು ಕೇಳಿದವರಲ್ಲ. ಬೆಂಗಳೂರಿನ ಹುಡುಗರು ಇದನ್ನು ಹಾಸ್ಯ ಮಾಡುತ್ತಿದ್ದರು. “ಮಗಾ, ಅಂಕಲ್ ಬಂದ್ರು, ನಿಮ್ಮಪ್ಪನ ಹೆಲ್ತ್ ರಿಪೋರ್ಟ್ ರೆಡಿ ಇಟ್ಕೋ,” ಎಂದು ಒಬ್ಬನಿಗೊಬ್ಬ ಮೊಣಕೈ ತಿವಿಯುತ್ತಿದ್ದರು. ಯಾರ ತಂದೆಗೆ ಸಕ್ಕರೆ ಕಾಯಿಲೆ, ಯಾರ ತಂದೆಗೆ ಮೊಣಕಾಲು ನೋವು ಎಂಬುದು ಅವರಿಗೆ ತಿಂಗಳುಗಟ್ಟಲೆ ನೆನಪಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಅವರು ಊರಿಗೆ ಫೋನ್ ಮಾಡುತ್ತಿದ್ದರು. ಏಷ್ಯನ್ ಅಂಗಡಿಯಲ್ಲಿ ಸಿಗುತ್ತಿದ್ದ ಫೋನ್ ಕಾರ್ಡು ಗೀರಿ, ಉದ್ದದ ನಂಬರು ಒತ್ತಿ. ಒಂದು ಸಲ ನಾನು ಅಲ್ಲೇ ಇದ್ದೆ. ಅತ್ತ ಕಡೆ ರಿಂಗಾಗಲು ಶುರುವಾದ ಕೂಡಲೇ ಅವರು ಕುರ್ಚಿಯಿಂದ ಎದ್ದರು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಮಾತು ಹೆಚ್ಚಿಲ್ಲ. “ಹೌದ್ರಿ... ಆತ್ರಿ... ಊಟ ಆತ್ರಿ...” ಅಷ್ಟೇ. ಇಟ್ಟ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದರು.

“ಯಾರು ಕಾಕಾ?”

“ನಮ್ಮ ಅಪ್ಪಾರು. ಊಟ ಆತೇನು ಅಂತ ಕೇಳ್ತಾರ. ಮೂವತ್ತು ವರ್ಷದಿಂದ ಅದನ್ನ ಕೇಳ್ತಾರ.”

“ನಿಂತ್ಕೊಂಡೇ ಮಾತಾಡ್ತೀರಲ್ಲ?”

“ಕುಂತ ಮಾತಾಡಿದ್ರ ಅವರಿಗೆ ಗೊತ್ತಾಗತೈತವಾ,” ಎಂದರು, ಬಹಳ ಗಂಭೀರವಾಗಿ.

ಅವರು ಯಾರು ಎಂದು ನಮಗೆ ತಿಳಿದದ್ದು ಎರಡನೆಯ ದಸರೆಯಲ್ಲಿ. ಅಲ್ಲಿನ ಕನ್ನಡಿಗರೆಲ್ಲ ಸೇರಿ ಚರ್ಚಿನವರ ಒಂದು ಸಭಾಂಗಣ ಬಾಡಿಗೆ ಹಿಡಿಯುತ್ತಿದ್ದೆವು. ಉತ್ತರ ಕರ್ನಾಟಕದವರಿಗೆ ದಸರೆ ಎಂದರೆ ಬನ್ನಿ. ಎಲೆಯನ್ನು ಬಂಗಾರವೆಂದು ಕೈಯಿಂದ ಕೈಗೆ ಕೊಟ್ಟು, ಕಿರಿಯರು ಹಿರಿಯರ ಕಾಲಿಗೆರಗಬೇಕು. ಮೈಸೂರಿನವಳಾದ ನನಗೆ ದಸರೆ ಎಂದರೆ ಆನೆ, ದೀಪ, ಬೊಂಬೆ. ಈ ಎಲೆಯ ಸಡಗರ ಹೊಸದು. ಸ್ಟುಟ್‌ಗಾರ್ಟಿನಲ್ಲಿ ಬನ್ನಿ ಗಿಡ ಎಲ್ಲಿಂದ ಬರಬೇಕು? ಉಪಾಯ ಅವರದೇ. ಅಕ್ಟೋಬರಿನಲ್ಲಿ ಉದ್ಯಾನದ ಗಿಂಕ್ಗೊ ಮರಗಳ ಎಲೆಯೆಲ್ಲ ಹಳದಿಯಾಗಿ ಉದುರುತ್ತದೆ. ಅವನ್ನು ಒಂದು ಬಟ್ಟೆ ಚೀಲದ ತುಂಬ ಆರಿಸಿ ತಂದರು. “ನಮ್ಮ ಕಡೆ ಎಲಿ ಹಸರು, ಬಂಗಾರ ಅಂತ ಅನ್ಕೋಬೇಕು. ಇಲ್ಲಿ ಅನ್ಕೊಳ್ಳೂದ ಬ್ಯಾಡ,” ಎಂದರು.

ಮೊದಲ ವರ್ಷವೇ ನಾನು ಗಮನಿಸಿದ್ದೆ, ಅವರು ನಿಂತೇ ಬನ್ನಿ ತೆಗೆದುಕೊಳ್ಳುತ್ತಿದ್ದರು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು, ಅರವತ್ತು ದಾಟಿತ್ತು. ಕಾಲಿಗೆರಗಲು ಬಂದವರನ್ನು ಅರ್ಧದಲ್ಲೇ ಹಿಡಿದು ಎತ್ತುತ್ತಿದ್ದರು. ಎರಡನೆಯ ವರ್ಷ ಬೆಂಗಳೂರಿನ ಹುಡುಗರು ಪಟ್ಟು ಹಿಡಿದರು. ಯಾರೋ ಪಾದ್ರಿಯ ಎತ್ತರದ ಬೆನ್ನಿನ ಕುರ್ಚಿಯನ್ನೇ ಎಳೆದು ತಂದರು, ಇನ್ಯಾರೋ ಅದರ ಮೇಲೆ ಶಾಲು ಹಾಸಿದರು.

“ಅಂಕಲ್, ಕೂತ್ಕೊಳಿ, ನೀವೇ ನಮ್ಮ ಮಹಾರಾಜ್ರು!”

“ಬ್ಯಾಡ್ರೋ.”

“ಗುರು, ಆ ಕಡೆ ಹಿಡ್ಕೊ. ಅಂಕಲ್ ನಾಚ್ಕೊತಾವ್ರೆ.”

ಇಬ್ಬರು ತೋಳು ಹಿಡಿದು ಕೂರಿಸಿಯೇಬಿಟ್ಟರು. ಚಪ್ಪಾಳೆ ಬಿತ್ತು. ಅವರು ಕೂತ ಕ್ಷಣವೇ ಎದ್ದರು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಮುಖ ಬಿಳಚಿಕೊಂಡಿತ್ತು. ಹುಡುಗರ ನಗು ಅರ್ಧಕ್ಕೆ ನಿಂತಿತು.

ಮೂರು ತಿಂಗಳ ವೀಸಾದ ಮೇಲೆ ಬಂದಿದ್ದ ನನ್ನ ಅತ್ತೆ ಆ ಹೊತ್ತಿಗೆ ಅಡುಗೆಕೋಣೆಯಿಂದ ಹೋಳಿಗೆಯ ತಟ್ಟೆ ಹಿಡಿದು ಹೊರಗೆ ಬಂದರು. ಕಾಕಾರನ್ನು ನೋಡಿದರು. ತಟ್ಟೆಯನ್ನು ಮೇಜಿನ ಮೇಲಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಯ ಪಕ್ಕಕ್ಕೆ ಸರಿದು ನಿಂತರು. ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರು ಯಾರ ಎದುರೂ ಹಾಗೆ ಸರಿದು ನಿಂತದ್ದನ್ನು ನಾನು ಕಂಡಿರಲಿಲ್ಲ.

“ಸಣ್ಣದೊರಿ,” ಎಂದರು ಮೆಲ್ಲಗೆ. “ನೀವು ಇಲ್ಲಿ ಅದೀರೇನ್ರಿ?”

ಅತ್ತೆಯ ತವರು ಅವರ ಊರು. ಹನ್ನೆರಡೋ ಹದಿನೈದೋ ಹಳ್ಳಿಗಳ ಒಂದು ಸಣ್ಣ ಸಂಸ್ಥಾನ. ಈಗ ಅಧಿಕಾರವಿಲ್ಲ, ರಾಜಧನವಿಲ್ಲ. ಉಳಿದಿದ್ದದ್ದು ವಾಡೆ ಎಂಬ ಹಳೆಯ ಅರಮನೆ, ಅದರ ದರ್ಬಾರಿನ ಕೋಣೆಯಲ್ಲಿ ಒಂದು ಗಾದಿ. ಗಾದಿ ಎಂದರೆ ಬಿಳಿ ಹಾಸಿನ ಒಂದು ದಪ್ಪ ಹಾಸಿಗೆ, ಎರಡು ಲೋಡು. ವರ್ಷಕ್ಕೊಮ್ಮೆ ದಸರೆಯ ದಿನ ದೊಡ್ಡದೊರೆ ಅದರ ಮೇಲೆ ಕೂರುತ್ತಾರೆ, ಹಳ್ಳಿಗಳವರು ಬಂದು ಮೊದಲ ಬನ್ನಿ ಕೊಡುತ್ತಾರೆ. ದೊಡ್ಡದೊರೆ ಇರುವವರೆಗೆ ಮಗ ಕೂತು ಬನ್ನಿ ತೆಗೆದುಕೊಳ್ಳುವಂತಿಲ್ಲ. ಗಾದಿಯ ಪಕ್ಕದಲ್ಲಿ ನಿಂತಿರಬೇಕು. ದೊಡ್ಡದೊರೆಗೆ ಆಗ ತೊಂಬತ್ತು ದಾಟಿತ್ತು.

“ಇನ್ನೂ ಗಟ್ಟಿ ಅದಾರ್ರಿ,” ಎಂದರು ಕಾಕಾ, ಅತ್ತೆ ಕೇಳುವ ಮೊದಲೇ. “ದಿನಾ ಮುಂಜಾನೆ ಲಾಯಕ್ಕ ಹೋಗಿ ನಿಂತು ಬರ್ತಾರ. ಕುದರಿ ಇಲ್ಲ, ಆದರೂ ಹೋಗಿ ಬರ್ತಾರ.”

ಅವತ್ತಿನಿಂದ ಹುಡುಗರು ಅವರನ್ನು ‘ಯುವರಾಜ್ ಅಂಕಲ್’ ಎಂದು ಕರೆಯತೊಡಗಿದರು. ಅರವತ್ತೆರಡರ ಯುವರಾಜ. ಅವರಿಗೆ ಬೇಸರವಾಗಲಿಲ್ಲ, ಅಥವಾ ತೋರಿಸಿಕೊಳ್ಳಲಿಲ್ಲ. ಆದರೆ ಆ ವಾರವೆಲ್ಲ ಅವರು ದಿನವೂ ಊರಿಗೆ ಫೋನ್ ಮಾಡಿದರು ಎಂದು ಆಮೇಲೆ ತಿಳಿಯಿತು. ಕುರ್ಚಿಯಲ್ಲಿ ಒಂದು ಕ್ಷಣ ಕೂತದ್ದಕ್ಕೆ ತಂದೆಗೆ ಏನಾದರೂ ಆದೀತೆಂದು.

ಅವರ ಹೆಂಡತಿಯ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಮದುವೆಯಾದ ಹೊಸತರಲ್ಲಿ ಎರಡು ಚಳಿಗಾಲ ಸ್ಟುಟ್‌ಗಾರ್ಟಿನಲ್ಲಿದ್ದರಂತೆ. ಆಮೇಲೆ ವಾಡೆಗೆ ಹಿಂತಿರುಗಿ ಮಾವನ ಜೊತೆಗೇ ಉಳಿದರು. ಮಕ್ಕಳಾಗಲಿಲ್ಲ. ಕಾಕಾ ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದರು. ‘ನಮ್ಮ ಮನೀ ಕಾರಭಾರ ಎಲ್ಲಾ ಅಕೀದ’ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಹೆಮ್ಮೆಯ ಹಿಂದೆ ಏನಿತ್ತೋ ನಾನು ಊಹಿಸಲು ಹೋಗುವುದಿಲ್ಲ.

ಅತ್ತೆ ಊರಿಗೆ ಮರಳಿದ ಮೇಲೆ, ನವೆಂಬರ್ ಇರಬೇಕು, ಒಂದು ಮಧ್ಯಾಹ್ನ ಕಾಕಾ ನಮ್ಮ ಮನೆಗೆ ಬಂದರು. ಕೈಯಲ್ಲಿ ಹಳೆಯ ಹಾಸುಬಟ್ಟೆಯಲ್ಲಿ ಸುತ್ತಿದ ಗಂಟು. ನನಗೆ ಹೊಲಿಗೆ ಬರುತ್ತದೆ ಎಂದು ಅತ್ತೆ ಹೇಳಿದ್ದರಂತೆ.

“ಇದನ್ನ ಸ್ವಲ್ಪ ಸಣ್ಣ ಮಾಡಾಕ ಬರತೈತೇನು ಮೈಸೂರವ್ವಾ?”

ಬಿಚ್ಚಿದರೆ ಕತ್ತು ಮುಚ್ಚುವ ಒಂದು ಉದ್ದನೆಯ ಕೋಟು. ಕೆನೆಬಣ್ಣದ ರೇಷ್ಮೆ, ಅಂಚುಗಳಲ್ಲಿ ಹಳದಿಗಟ್ಟಿತ್ತು. ಒಳಗೆ ಪಕ್ಕದ ಹೊಲಿಗೆಯಲ್ಲಿ ಒಮ್ಮೆ ಬಿಚ್ಚಿ ಅಗಲ ಮಾಡಿದ ಗುರುತಿತ್ತು.

“ಇಲ್ಲೇ ಕೆಳಗೆ ಟರ್ಕಿಯವರ ಟೇಲರ್ ಅಂಗಡಿ ಇದೆಯಲ್ಲ ಕಾಕಾ? ಅವರು ಚೆನ್ನಾಗಿ ಹೊಲೀತಾರೆ.”

“ಅಂವ ಯಾರ ಮದುವಿ ಅಂತ ಕೇಳ್ತಾನ. ಏನ್ ಹೇಳ್ಲಿ?”

ಕೋಟು ತೊಡಿಸಿ, ಅಡುಗೆಮನೆಯ ಬೆಳಕಿನಲ್ಲಿ ನಿಲ್ಲಿಸಿ ಬೆನ್ನಿಗೆ ಗುಂಡುಸೂಜಿ ಹಾಕತೊಡಗಿದೆ. ಭುಜ ಕುಗ್ಗಿದ್ದರು. ಕೋಟು ಎಲ್ಲೆಲ್ಲೋ ಜೋಲುತ್ತಿತ್ತು. ಎದುರಿಗೆ ಕೂತು ಹೇಳಲಾಗದ್ದನ್ನು ಬೆನ್ನು ಮಾಡಿ ನಿಂತಾಗ ಹೇಳಬಹುದೇನೋ. ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು.

ಅವರಿಗೆ ಮೂವತ್ತೆರಡು ವರ್ಷವಾಗಿದ್ದಾಗ ದೊಡ್ಡದೊರೆಗೆ ಎದೆನೋವು ಬಂತು. ಡಾಕ್ಟರು ಕೈಬಿಟ್ಟರು. ವಾಡೆಯ ಹಿರಿಯರು ಕೂಡಿ, ಗಾದಿಗೆ ಕೂರುವವರಿಗೆ ಕೋಟು ಬೇಕೆಂದು ದರ್ಜಿಯನ್ನು ಕರೆಸಿ ಅಳತೆ ತೆಗೆಸಿದರು. ಇವರು ಬೇಡವೆನ್ನಲಿಲ್ಲ. ಹೊಲಿಗೆ ಮುಗಿದ ವಾರವೇ ದೊಡ್ಡದೊರೆ ಎದ್ದು ಕೂತರು. ಕೋಲೂರಿಕೊಂಡು ನಡೆಯುತ್ತ ಬಂದವರು ಮಗನ ಕೋಣೆಯಲ್ಲಿ ಗೂಟಕ್ಕೆ ತೂಗುಹಾಕಿದ್ದ ಕೋಟನ್ನು ಕಂಡರು.

“ಏನಂದ್ರು?” ಎಂದೆ.

“ಏನೂ ಅನ್ಲಿಲ್ಲ. ತೋಳ ಮುಟ್ಟಿ ನೋಡಿದ್ರು. ಬಣ್ಣ ಛಲೋ ಐತಿ ಅಂದ್ರು.” “ಆ ವರ್ಷನ ನಾ ಇಲ್ಲಿಗೆ ಬಂದೆ. ಕೋಟು ನನ್ನ ಜೋಡೀನ ತಂದೆ. ಅದು ಆ ಮನ್ಯಾಗ ಇರಬಾರ್ದು ಅಂತ,” ಎಂದರು.

ನಾನು ತೋಳಿನ ಕಡೆಗೆ ಬಂದು ಇನ್ನೊಂದು ಸೂಜಿ ಹಾಕಿದೆ.

“ಎಲ್ಲಾರೂ ಅಂತಾರ, ದೊರಿ ಆಗಾಕ ಕಾಯಾಕತ್ತಾನ ಅಂತ. ನಾ ಕಾಯೂದು ಏನವಾ? ಅಪ್ಪ ಸಾಯೂದು. ಬ್ಯಾರೆ ಏನರ ಐತೇನು ಅದರಾಗ? ಅದಕ್ಕ ನಾ ಕಾಯೂದಿಲ್ಲ ಅಂತ ಇಲ್ಲಿ ಬಂದು ಕುಂತೀನಿ. ಕುಂತ್ರೂ ಕಾದಂಗ ಆಗೇತಿ.”

ಆಮೇಲೆ ಅವರ ಮನೆಯ ಪದ್ಧತಿ ಹೇಳಿದರು. ಗಾದಿ ಒಂದು ಗಳಿಗೆಯೂ ಒಡೆಯರಿಲ್ಲದೆ ಇರಬಾರದು. ದೊಡ್ಡದೊರೆ ತೀರಿಕೊಂಡರೆ, ಹೊಸಬರು ಗಾದಿಯ ಮೇಲೆ ಕೂರುವವರೆಗೆ ಶವ ವಾಡೆಯಿಂದ ಹೊರಡುವಂತಿಲ್ಲ. ಗಾದಿಯ ಮುಖ ಮುಂಬಾಗಿಲಿಗೆ. ಶವ ಹೋಗುವುದು ಗಾದಿಯ ಹಿಂದಿನ ಬಾಗಿಲಿನಿಂದ. ಗಾದಿಗೆ ಕೂತವರು ಮಸಣಕ್ಕೆ ಹೋಗುವಂತಿಲ್ಲ, ಹೆಗಲು ಕೊಡುವಂತಿಲ್ಲ, ಕೊಳ್ಳಿ ಇಡುವಂತಿಲ್ಲ. ಅದೆಲ್ಲ ತಮ್ಮನ ಕೆಲಸ. ಶವ ಬೆನ್ನ ಹಿಂದೆ ಹೋಗುವಾಗ ತಿರುಗಿ ನೋಡುವಂತೆಯೂ ಇಲ್ಲ.

“ನೋಡಿದ್ರೆ?”

“ಗಾದಿ ಅಲ್ಲಿಗೇ ಮುಗೀತೈತಂತ. ಹೋಗೋರ ಮನಸು ಹಿಂದ ಉಳಿತೈತಂತ.”

“ನೀವು ನಂಬ್ತೀರಾ ಕಾಕಾ?”

“ಇಂಜಿನಿಯರ್ ಅದೀನವಾ, ಹ್ಯಾಂಗ ನಂಬ್ಲಿ? ಆದ್ರ ನಮ್ಮ ಅಪ್ಪಾರು ನೋಡ್ಲಿಲ್ಲ. ಅವರ ಅಪ್ಪಾರೂ ನೋಡಿಲ್ಲ.” ಕಿಟಕಿಯ ಗಾಜಿನಲ್ಲಿ ಅವರ ಮುಖ ಕಾಣುತ್ತಿತ್ತೋ ಇಲ್ಲವೋ ನೆನಪಿಲ್ಲ. ಮುಂದಿನ ಮಾತು ಮಾತ್ರ ನೆನಪಿದೆ. ಈ ಬರಹದಲ್ಲಿ ಪ್ರಮಾಣ ಮಾಡಿ ಹೇಳಬಹುದಾದ ಮಾತು ಅದೊಂದೇ.

“ನಾ ಹೊಳ್ಳಿ ನೋಡ್ತೀನಿ,” ಎಂದರು.

ಕೋಟು ಬಿಚ್ಚಿ ಕೊಟ್ಟು ಹೊರಟಾಗ, ಮುಂದಿನ ಶನಿವಾರ ಮುಗಿಸಿಕೊಡುತ್ತೇನೆ ಎಂದೆ. ಅವರು ಬಾಗಿಲಲ್ಲಿ ನಿಂತು ತಲೆಯಾಡಿಸಿದರು.

“ಅವಸರ ಮಾಡಬ್ಯಾಡವಾ. ಒಮ್ಮೆ ಅವಸರ ಮಾಡಿ ಹೊಲಿಸಿದ್ದ ಸಾಕಾಗೇತಿ.”

ಆದ್ದರಿಂದ ನಾನು ಹೊಲಿಯಲಿಲ್ಲ. ಗುಂಡುಸೂಜಿಗಳ ಸಮೇತ ಕೋಟು ನಮ್ಮ ಕೋಣೆಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ ತೂಗುತ್ತಿತ್ತು. ವಿಚಿತ್ರವೆಂದರೆ ಕೆಲವು ದಿನಗಳಲ್ಲಿ ನನಗೂ ಅದೇ ರೋಗ ಹತ್ತಿತು. ಭಾನುವಾರ ಅವರಿಗೆ ಫೋನ್ ಮಾಡಿ “ನಿಮ್ಮ ಅಪ್ಪಾರು ಹ್ಯಾಂಗಿದಾರೆ?” ಎನ್ನುತ್ತಿದ್ದೆ. “ಗಟ್ಟಿ ಅದಾರವಾ,” ಎಂದು ಉತ್ತರ ಬಂದರೆ ಕೋಟಿನ ಕಡೆ ನೋಡಿ ಸಮಾಧಾನ ಪಡುತ್ತಿದ್ದೆ.

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಹೊರಗೆ ಹಿಮ ಬಿದ್ದಿತ್ತು. ನನ್ನ ಗಂಡ ಬ್ರೆಡ್ ತರಲು ಬೂಟು ಹಾಕಿಕೊಳ್ಳುತ್ತಿದ್ದ.

“ಮೈಸೂರವ್ವಾ, ಕೋಟು ಬೇಕಾಗಿತ್ತು,” ಎಂದರು. ಅಷ್ಟೇ.

ಫ್ರಾಂಕ್‌ಫರ್ಟಿನಿಂದ ಮಧ್ಯಾಹ್ನದ ವಿಮಾನಕ್ಕೆ ಜಾಗ ಸಿಕ್ಕಿತ್ತು. ನನ್ನ ಗಂಡ ಕಾರು ತೆಗೆದ. ಕಾಕಾ ಮುಂದೆ ಕೂತರು, ನಾನು ಹಿಂದಿನ ಸೀಟಿನಲ್ಲಿ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿಯುತ್ತ ಹೋದೆ. ಆಟೋಬಾನ್ ಹೆದ್ದಾರಿ ನೇರವಾಗಿರುತ್ತದೆ, ಕೈ ಅಲುಗುವುದಿಲ್ಲ. ಆದರೂ ಎರಡು ಸಲ ಹೊಲಿಗೆ ಬಿಚ್ಚಿ ಮತ್ತೆ ಹಾಕಿದೆ.

ಅರ್ಧ ದಾರಿ ಮುಗಿಯಿತು. ಆಮೇಲೆ ಅವರು ಎದುರಿನ ರಸ್ತೆ ನೋಡುತ್ತಲೇ ಹೇಳಿದರು: “ಹ್ವಾದ ಐತವಾರ ಊಟ ಆತೇನು ಅಂತ ಕೇಳ್ಲಿಲ್ಲ ತಮ್ಮಾ.”

“ಮತ್ತ?” ಎಂದ ನನ್ನ ಗಂಡ.

“ಯಾವಾಗ ಬರ್ತಿ ಅಂದ್ರು. ಮೂವತ್ತು ವರ್ಷದಾಗ ಒಮ್ಮೆನೂ ಕೇಳಿದ್ದಿಲ್ಲ. ನಾ ದಸರಾಕ್ಕ ಬರ್ತೀನ್ರಿ ಅಂದೆ.”

ನನ್ನ ಗಂಡ ಗೇರಿನ ಮೇಲಿದ್ದ ಕೈಯನ್ನು ತೆಗೆದು ಅವರ ಕೈಯ ಮೇಲಿಟ್ಟ.

ವಿಮಾನ ನಿಲ್ದಾಣದಲ್ಲಿ ಕೊನೆಯ ಹೊಲಿಗೆ ಹಾಕಿ ದಾರ ಕಡಿದೆ. ತೊಟ್ಟು ನೋಡುತ್ತೇನೆ ಎಂದರು. ಬ್ರೀಫ್‌ಕೇಸು ಹಿಡಿದು ಓಡುವ ಜನರ ನಡುವೆ, ಸ್ವೆಟರಿನ ಮೇಲೆಯೇ ಆ ಕೆನೆಬಣ್ಣದ ಕೋಟು ತೊಟ್ಟು ನಿಂತರು. ಒಂದು ಜಪಾನಿ ಹೆಂಗಸು ನಿಂತು ನೋಡಿ ಮುಗುಳ್ನಕ್ಕಳು. ನಾನು ಕಾಲರು, ಮುಂದಿನ ಗುಂಡಿ ನೋಡುತ್ತಿದ್ದೆ. ಅವರು ನನ್ನ ಕೈ ಸರಿಸಿ, ಬೆನ್ನು ತಿರುಗಿಸಿ ನಿಂತರು.

“ಹಿಂದ ಹ್ಯಾಂಗೈತಿ ನೋಡು. ಹಿಂದ ಛಲೋ ಇರಬೇಕವಾ. ಅಪ್ಪಗ ಕಾಣೂದು ಅದ.”

ಚೆನ್ನಾಗಿದೆ ಎಂದೆ. ಬೆನ್ನಿನ ಮಧ್ಯದ ಹೊಲಿಗೆ ಸ್ವಲ್ಪ ಎಳೆದಿತ್ತು. ಹೇಳಲಿಲ್ಲ.

ಮುಂದಿನದೆಲ್ಲ ಅತ್ತೆ ಹೇಳಿದ್ದು. ಸುದ್ದಿ ಕೇಳಿ ಅವರೂ ತವರಿಗೆ ಹೋಗಿದ್ದರು. ಹೆಂಗಸರನ್ನೆಲ್ಲ ದರ್ಬಾರಿನ ಮೇಲಿನ ಸಜ್ಜೆಯಲ್ಲಿ ಕೂರಿಸಿದ್ದರು. ಅಲ್ಲಿಂದ ಗಾದಿ, ಎರಡು ಬಾಗಿಲು ಎಲ್ಲ ಕಾಣುತ್ತದೆ. ದೊಡ್ಡದೊರೆಯನ್ನು ಮಂಜುಗಡ್ಡೆಯ ಮೇಲೆ ಇಟ್ಟುಕೊಂಡು ಮಗನಿಗಾಗಿ ಕಾದರು. ಮುಂಬಯಿಯಿಂದ ಕಾರಿನಲ್ಲಿ ಬಂದಿಳಿದವರನ್ನು ನೇರ ಸ್ನಾನಕ್ಕೆ ಕರೆದೊಯ್ದರು, ತಂದೆಯ ಮುಖ ನೋಡಲೂ ಬಿಡಲಿಲ್ಲ. ಮುಖ ನೋಡಿದರೆ ಸೂತಕ, ಸೂತಕದಲ್ಲಿ ಗಾದಿಗೆ ಕೂರುವಂತಿಲ್ಲ. ಈ ಮಾತನ್ನು ಕಾಕಾ ನನಗೆ ಹೇಳಿರಲಿಲ್ಲ. ಅವರಿಗೇ ಗೊತ್ತಿತ್ತೋ ಇಲ್ಲವೋ. ಕೋಟು ತೊಡಿಸಿ ಕೂರಿಸಿದರು. ನಗಾರಿ ಬಾರಿಸಿದರು. ಅದು ನಿಂತ ಮೇಲೆ ಹಿಂದಿನ ಬಾಗಿಲು ತೆರೆಯಿತು.

“ಕೋಟು ಭಾಳ ಚಂದ ಕುಂತಿತ್ತವಾ,” ಎಂದರು ಅತ್ತೆ. “ಎಲ್ಲಾರೂ ಯಾರ ಹೊಲದಾರ ಅಂತ ಕೇಳಾಕತ್ತಿದ್ರು. ನಮ್ಮ ಸೊಸಿ ಅಂದೆ.”

ಯಾರು ಅತ್ತರು, ಯಾರು ಅಳಲಿಲ್ಲ, ಯಾವ ಹಳ್ಳಿಯವರು ತಡವಾಗಿ ಬಂದರು, ತಮ್ಮ ಹೇಗೆ ಹೆಗಲು ಕೊಟ್ಟ, ಎಲ್ಲವನ್ನೂ ಹೇಳಿದರು.

ಕಾಕಾ ಸ್ಟುಟ್‌ಗಾರ್ಟಿಗೆ ಮತ್ತೆ ಬಂದದ್ದು ಮನೆ ಖಾಲಿ ಮಾಡಲು ಮಾತ್ರ. ಖಾಲಿ ಮಾಡಲು ಏನೂ ಇರಲಿಲ್ಲ. ಎರಡು ಸೂಟ್‌ಕೇಸು, ಒಂದು ಕುರ್ಚಿ. ಕುರ್ಚಿಯನ್ನು ನಮಗೆ ಕೊಟ್ಟರು. ಮುಂದೆ ನಮ್ಮ ಐದು ವರ್ಷವೂ ಮುಗಿಯುತ್ತ ಬಂತು. ಆಮೇಲೆ ಕಾನೂನು ಬದಲಾಯಿತು, ನಾವು ಉಳಿದೆವು, ಇಂಗೋಲ್‌ಸ್ಟಾಟಿಗೆ ಬಂದೆವು, ದೊಡ್ಡದೊಂದು ಶ್ರಾಂಕ್ ಕೊಂಡೆವು. ಹೋಗಲೇಬೇಕಾದ ನಾವು ಇದ್ದುಬಿಟ್ಟೆವು, ಇರಬಹುದಾಗಿದ್ದ ಅವರು ಹೋದರು.

ಒಮ್ಮೆ ಮಾತ್ರ ಅವರ ಊರಿಗೆ ಹೋಗಿದ್ದೆ. ಮಗಳಿಗೆ ಆಗ ಎಂಟು ವರ್ಷ. ದಸರೆಯ ಮರುದಿನ. ಅವರು ಗಾದಿಯ ಮೇಲೆ ಕೂತಿದ್ದರು, ಅದೇ ಕೋಟು. ಸುತ್ತ ಒಣಗುತ್ತಿದ್ದ ಬನ್ನಿ ಎಲೆಯ ರಾಶಿ. ನಾನು ಎಲೆ ಕೊಟ್ಟು ಕಾಲಿಗೆರಗಿದೆ. ಈ ಸಲ ಅರ್ಧದಲ್ಲಿ ಹಿಡಿದು ಎತ್ತಲಿಲ್ಲ.

“ನಿಮ್ಮ ಅಪ್ಪಾರು ಹ್ಯಾಂಗದಾರ ಮೈಸೂರವ್ವಾ?” ಎಂದರು.

ಮಗಳು ಜರ್ಮನಿನಲ್ಲೇ ಕೇಳಿಬಿಟ್ಟಳು, ನೀನು ರಾಜನಾ ಎಂದು. ನೀವು ಎನ್ನಬೇಕೆಂದು ನಾನು ಗದರುವಷ್ಟರಲ್ಲಿ ಅವರ ಮುಖ ಅರಳಿತು. ಆ ಭಾಷೆ ಕೇಳಿ ಎಷ್ಟು ವರ್ಷವಾಗಿತ್ತೋ. ಪಕ್ಕಾ ಸ್ಟುಟ್‌ಗಾರ್ಟಿನ ಉಚ್ಚಾರದಲ್ಲಿ, “ಇಲ್ಲ, ಬರೀ ಫೆರ್‌ಟ್ರೇಟುಂಗ್,” ಎಂದರು. ಇಲ್ಲಿನ ಆಫೀಸುಗಳಲ್ಲಿ ಒಬ್ಬರು ರಜೆಯ ಮೇಲೆ ಹೋದರೆ ಅವರು ಬರುವವರೆಗೆ ಅವರ ಕೆಲಸ ನೋಡಿಕೊಳ್ಳುವವರನ್ನು ಹಾಗೆನ್ನುತ್ತಾರೆ.

“ಯಾರಿಗೆ?” ಎಂದಳು ಮಗಳು.

ಅವರು ತಲೆ ತಿರುಗಿಸದೆ, ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ಮಾಡಿ, ಮುಚ್ಚಿದ್ದ ಬಾಗಿಲನ್ನು ತೋರಿಸಿದರು.

ಅವತ್ತೇ ಕೇಳಬಹುದಾಗಿತ್ತು. ಬಾಯಿಗೆ ಬಂದಿತ್ತು. ಹಳ್ಳಿಯವರು ಸಾಲಿನಲ್ಲಿ ನಿಂತಿದ್ದರು, ಅವರ ಹೆಂಡತಿ ಚಹಾ ಕಳಿಸಿದ್ದರು. ಕೇಳಲಿಲ್ಲ.

ಈಗ ಅವರಿಲ್ಲ. ಗಾದಿಗೆ ಕೂರಲು ಯಾರೂ ಇಲ್ಲ. ತಮ್ಮ ಮೊದಲೇ ತೀರಿಕೊಂಡಿದ್ದರು, ತಮ್ಮನ ಮಗ ಪುಣೆಯಲ್ಲಿದ್ದಾನೆ, ತನಗೆ ಅದೆಲ್ಲ ಬೇಡ ಎಂದನಂತೆ. ಈ ಸಲ ಶವ ಮುಂಬಾಗಿಲಿನಿಂದಲೇ ಹೋಯಿತಂತೆ. ಹಿಂದಿನ ಬಾಗಿಲು ದೊರೆಗಳಿಗೆ, ಗಾದಿಯ ಮೇಲೆ ಇನ್ನೊಬ್ಬರು ಕೂತಿದ್ದಾಗ ಮಾತ್ರ. “ಗಾದಿ ಮುಗೀತವಾ,” ಎಂದರು ಅತ್ತೆ ಫೋನಿನಲ್ಲಿ. “ಮಂದಿ ಏನೇನೋ ಮಾತಾಡ್ತಾರ. ಅವತ್ತು ಏನೋ ಆತು, ಅದಕ್ಕ ಹಿಂಗಾತು ಅಂತಾರ.”

“ಏನಾಯ್ತು ಅಂತಾರೆ?”

“ಹೋಗ್ಲಿ ಬಿಡವಾ. ಮಂದಿ ಬಾಯಿ.”

ಮುಗೀತು ಎಂಬ ಅತ್ತೆಯ ಮಾತು ಕೇಳಿ ನನ್ನೊಳಗೆ ಒಂದು ಸಂತೋಷ ಸುಳಿದದ್ದನ್ನು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ. ಗಾದಿ ಮುಗಿದದ್ದಕ್ಕಲ್ಲ. ಮಂದಿ ಹೇಳುವುದು ನಿಜವಾಗಿದ್ದರೆ, ಮೂವತ್ತು ವರ್ಷ ಬರೀ ‘ಊಟ ಆತ್ರಿ’ ಎಂದ ಮಗ ಒಂದು ಸಲವಾದರೂ ತಂದೆಯ ಕಡೆ ಮುಖ ಮಾಡಿದ್ದಾನೆ. ಆದರೆ ನಾನು ಹಾಗೆ ಬಯಸುತ್ತೇನೆ ಎಂಬ ಕಾರಣಕ್ಕೇ ನನ್ನನ್ನು ನಾನು ನಂಬಲಾರೆ. ಸೀಟೋ ಬ್ರೇಕೋ ಎಂದು ಗೊತ್ತಿಲ್ಲದವಳು ನಾನು. ಸಜ್ಜೆಯಲ್ಲಿ ಕೂತು ಕಣ್ಣಾರೆ ಕಂಡವರು ಅತ್ತೆ.

ಆದ್ದರಿಂದ ಆ ಫೋನಿನಲ್ಲೇ ಕೇಳಿದೆ. ಅತ್ತ ಕಡೆ ಕುಕ್ಕರಿನ ಸದ್ದು ಕೇಳುತ್ತಿತ್ತು. “ಹಾಲು ಉಕ್ಕಾಕತ್ತೇತಿ, ಇಡ್ತೀನಿ,” ಎಂದರು. ಆಮೇಲೆ ಪ್ರತಿ ವಾರವೂ ಮಾತಾಡಿದ್ದೇವೆ. ಮೊಮ್ಮಗಳ ಪರೀಕ್ಷೆ, ಧಾರವಾಡದ ನೀರಿನ ತಾಪತ್ರಯ, ಅವರ ಕಣ್ಣಿನ ಆಪರೇಷನ್. ಆ ಮಾತು ಮಾತ್ರ ಅವರೂ ಎತ್ತಿಲ್ಲ, ನಾನೂ ಇನ್ನೊಮ್ಮೆ ಎತ್ತಿಲ್ಲ. ನಾನು ಕೇಳಿದ್ದು ಇಷ್ಟೇ:

“ಅತ್ತೆ, ಅವತ್ತು ಆ ಬಾಗಿಲು ತೆರೆದಾಗ ಕಾಕಾ ತಿರುಗಿ ನೋಡಿದ್ರಾ?”